ದೀಪಾವಳಿ ಕಳೆದ ಮೇಲೆ ಪಕ್ಕೆಗೆ ಬೆಂಡು ಬಿಟ್ಟದ್ದು

ದೀಪಾವಳಿ ಮುಗಿದು ತುಂಗಭದ್ರೆಯ ನೀರು ತಿಳಿಯಾಯಿತೆಂದರೆ ದೊಡ್ಡ ಪಕ್ಕೆ ಮೀನು ಗಾಳಕ್ಕೆ ಬರುವುದಿಲ್ಲ, ಬೇಕಿದ್ದವರು ಬಲೆಯವರ ಹತ್ತಿರ ಕೊಂಡು ತಿನ್ನಬೇಕು ಎಂಬುದು ನಮ್ಮ ಹೊನ್ನಾಳಿ ಸೀಮೆಯಲ್ಲಿ ಗಾಳ ಹಾಕುವವರೆಲ್ಲರ ಒಮ್ಮತದ ಮಾತು. ನಾನೂ ಹತ್ತು ಹನ್ನೆರಡು ವರ್ಷ ಅದನ್ನೇ ನಂಬಿಕೊಂಡು, ಕಾರ್ತಿಕ ಬಂದೊಡನೆ ಕೋಲುಗಳನ್ನು ಒರೆಸಿ ಅಟ್ಟಕ್ಕೆ ಏರಿಸುತ್ತಿದ್ದೆ. ಆದರೆ 2024ರ ನವೆಂಬರ್ 24ರ ಭಾನುವಾರ, ಬೆಳಿಗ್ಗೆ ಆರೂವರೆಯಿಂದ ಎಂಟೂಕಾಲರೊಳಗೆ, ಬೆಂಡು (ನೀರಿನ ಮೇಲೆ ತೇಲುತ್ತಾ ಮೀನು ಕಚ್ಚಿದ್ದನ್ನು ತೋರಿಸುವ ತುಂಡು) ಕಟ್ಟಿದ ಒಂದೇ ಕೋಲಿನಲ್ಲಿ ನಾನು 19 ಪಕ್ಕೆ ಹಿಡಿದೆ. ಒಟ್ಟು ತೂಕ ನಾಲ್ಕು ಕೆಜಿಯ ಹತ್ತಿರ ಇದ್ದಿರಬೇಕು. ಎಲ್ಲಕ್ಕಿಂತ ದೊಡ್ಡದು ಅಂಗಡಿಯ ತಕ್ಕಡಿಯಲ್ಲಿ 600 ಗ್ರಾಂ ದಾಟಿತು. ಈ ಮಾತನ್ನು ಒಪ್ಪದವರು ಈಗಲೂ ಇದ್ದಾರೆ, ಅವರಿಗಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನಗೆ ಅನುಮಾನ ಹುಟ್ಟಿದ್ದು ಹೊಳೆಯ ದಂಡೆಯಲ್ಲಲ್ಲ, ಅಡುಗೆಮನೆಯಲ್ಲಿ. 2020ರ ಡಿಸೆಂಬರಿನಲ್ಲಿ ಬಲೆಯವರಿಂದ ಕೊಂಡು ತಂದ ಎರಡು ಕೆಜಿ ಪಕ್ಕೆಯನ್ನು ಹೆರೆದು ಹೊಟ್ಟೆ ಸೀಳಿದಾಗ, ಪ್ರತಿಯೊಂದರ ಕರುಳೂ ಹಸಿರು ಪಾಚಿ ಮತ್ತು ಯಾವುದೋ ಕಾಳಿನ ಸಿಪ್ಪೆಯಿಂದ ಬಿಗಿಯಾಗಿ ತುಂಬಿತ್ತು. ಚಳಿಗೆ ಬಾಯಿ ಕಟ್ಟಿದ ಮೀನಿನ ಹೊಟ್ಟೆ ಹೀಗಿರುವುದಿಲ್ಲ. ಇದನ್ನು ನಮ್ಮ ಕಡೆಯ ಹಿರಿಯ ಬೆಸ್ತರೊಬ್ಬರಿಗೆ ಹೇಳಿದಾಗ ಅವರು ಬೀಡಿ ಹಚ್ಚುತ್ತಾ, "ತಿಂತಾವ್ ಮೇಷ್ಟ್ರೇ, ಯಾಕ್ ತಿನ್ನಲ್ಲ? ಆದ್ರ ನಿಮ್ ಕೈಯಾಗಿಂದು ತಿನ್ನಲ್ಲ, ಅಷ್ಟೇಯ" ಎಂದು ನಕ್ಕರು. ಅವರು ತಮಾಷೆಗೆ ಆಡಿದ ಆ ಮಾತಿನಲ್ಲೇ ಅರ್ಧ ಉತ್ತರವಿತ್ತು ಎಂದು ತಿಳಿಯಲು ನನಗೆ ನಾಲ್ಕು ಕಾರ್ತಿಕಗಳು ಬೇಕಾದವು.

2021ರ ಕಾರ್ತಿಕ ಪೂರ್ತಿ ವ್ಯರ್ಥವಾಯಿತು. ಆ ನವೆಂಬರಿನಲ್ಲಿ ಸುರಿದ ಅಕಾಲದ ಮಳೆ, ಕೊಯ್ಲಿಗೆ ಬಂದ ಭತ್ತವನ್ನು ಗದ್ದೆಯಲ್ಲೇ ಮೊಳಕೆ ಬರಿಸಿದ್ದು ಎಲ್ಲರಿಗೂ ನೆನಪಿದೆ. ಹೊಳೆ ಚಹಾದ ಬಣ್ಣಕ್ಕೆ ತಿರುಗಿ, ಕಬ್ಬಿನ ರವದಿ ಮತ್ತು ಮುಳ್ಳುಕಂಟಿ ತೇಲಿ ಬರುತ್ತಿದ್ದಾಗ ಬೆಂಡು ಬಿಡುವುದೆಂದರೆ ಕಸ ಗುಡಿಸುವ ಕೆಲಸವೇ ಸರಿ. ಆ ವರ್ಷ ನನಗೆ ಸಿಕ್ಕದ್ದು ನಾಲ್ಕು ಚೇಳುಮೀನು, ಅದರಲ್ಲೊಂದರ ಮುಳ್ಳು ಹೆಬ್ಬೆರಳಿಗೆ ಚುಚ್ಚಿ ಎರಡು ದಿನ ಬೋರ್ಡಿನ ಮೇಲೆ ಬರೆಯಲು ಆಗಲಿಲ್ಲ.

2022ರಲ್ಲಿ ನೀರು ಚೆನ್ನಾಗಿತ್ತು, ತಪ್ಪು ನನ್ನದೇ ಆಗಿತ್ತು. ಮೇವು ಹೆಚ್ಚು ಹಾಕಿದಷ್ಟೂ ಮೀನು ಹೆಚ್ಚು ಕೂಡುತ್ತದೆ ಎಂಬ ಕೆರೆಯ ಬುದ್ಧಿಯನ್ನು ಹೊಳೆಗೆ ತಂದು, ಪ್ರತಿ ಭಾನುವಾರ ಎರಡು ಕೆಜಿ ಶೇಂಗಾ ಹಿಂಡಿ ಮತ್ತು ಒಂದು ಕೆಜಿ ತವುಡನ್ನು ಗೋಡುಮಣ್ಣಿನಲ್ಲಿ ಕಲಸಿ ಉಂಡೆ ಮಾಡಿ ಎಸೆದೆ. ಕೂಡಿದ್ದು ಜಿಲೇಬಿ ಮೀನು (ತಿಲಾಪಿಯ). ಅಂಗೈ ಅಗಲದ ಜಿಲೇಬಿಗಳು ಎರೆಹುಳುವನ್ನು ನೆಲ ಮುಟ್ಟಲು ಬಿಡಲಿಲ್ಲ. ಅವುಗಳ ಕಾಟ ತಪ್ಪಿದಾಗ ಏಡಿಗಳು ಬಂದವು. ಪಕ್ಕೆಗಳು ಕೆಳಗಿನ ಸೆಳವಿನಲ್ಲಿ ನಿಂತು ನನ್ನ ಹಿಂಡಿಯನ್ನು ಪುಕ್ಕಟೆಯಾಗಿ ತಿಂದು ತೇಗಿರಬೇಕೆಂದು ಈಗ ಅನ್ನಿಸುತ್ತದೆ.

ದುಡ್ಡಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಕೊಂಡ 900 ರೂಪಾಯಿಯ ಮಡಚುವ ಕೋಲು ಮೂರನೆಯ ವಾರಕ್ಕೆ ತುದಿ ಮುರಿದುಕೊಂಡಿತು. ಆಮೇಲೆ ಶಿವಮೊಗ್ಗದ ಪರಿಚಿತರೊಬ್ಬರಿಂದ 13 ಅಡಿಯ ಹಳೆಯ ಕೋಲನ್ನು ರೀಲ್ ಸಮೇತ 3,200ಕ್ಕೆ ಕೊಂಡೆ, ಅದು ಇಂದಿಗೂ ನಡೆಯುತ್ತಿದೆ. ಮೊಬೈಲಿನಲ್ಲಿ ತರಿಸಿದ ದಾರದ ಮೇಲೆ 0.16 ಮಿಮೀ ಎಂದು ಅಚ್ಚಾಗಿತ್ತು. ಅನುಮಾನ ಬಂದು ಗೆಳೆಯನ ಲೇತ್ ಅಂಗಡಿಯ ಮೈಕ್ರೋಮೀಟರಿನಲ್ಲಿ ಅಳೆದರೆ 0.22 ತೋರಿಸಿತು, 450 ರೂಪಾಯಿ ಹೋಯಿತು. ಮಾರಿದವರು ಬದಲಿಸಿ ಕೊಡಲಿಲ್ಲ. ಹಿಂಡಿ, ತವುಡು, ಗಾಳ, ಪೆಟ್ರೋಲು ಎಲ್ಲ ಸೇರಿಸಿ ಮೊದಲ ಮೂರು ವರ್ಷಕ್ಕೆ ಹನ್ನೊಂದು ಸಾವಿರದ ಮೇಲೆ ಖರ್ಚಾಗಿದೆ. ಬಲೆಯವರ ಪಕ್ಕೆ ಕೆಜಿಗೆ 180ರ ಆಸುಪಾಸಿನಲ್ಲಿತ್ತು; ಅಷ್ಟು ದುಡ್ಡಿಗೆ ಅರವತ್ತು ಕೆಜಿ ಮೀನು ಬರುತ್ತಿತ್ತೆಂಬ ಲೆಕ್ಕವನ್ನು ನನ್ನ ಹೆಂಡತಿ ನನಗಿಂತ ವೇಗವಾಗಿ ಮಾಡಿ ಹೇಳಿದ್ದಾಳೆ.

2023 ಬರಗಾಲದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ಆ ವರ್ಷ, ನವೆಂಬರಿನಲ್ಲೇ ಹೊಳೆ ಸೊರಗಿ ಬಂಡೆಗಳ ಬೆನ್ನು ಮೇಲೆದ್ದವು. ಗೆಳೆಯರೆಲ್ಲ ಗಾಳ ಮರೆತರು. ನಾನು ಮಾತ್ರ ಪ್ಯಾಂಟು ಮಡಚಿ, ಒಂದು ಬಿದಿರು ಗಳುವಿಗೆ ಅಡಿಗೊಂದರಂತೆ ಕೆಂಪು ದಾರ ಕಟ್ಟಿಕೊಂಡು, ಬೇರೆ ವರ್ಷಗಳಲ್ಲಿ ಆಳು ನೀರು ಇರುವ ಕಡೆಗಳಲ್ಲಿ ನಡೆದಾಡಿದೆ. ಎಲ್ಲಿ ಗರಸು (ಸಣ್ಣ ಕಲ್ಲಿನ ನೆಲ), ಎಲ್ಲಿ ಕೆಸರು, ಎಲ್ಲಿ ಮರಳು ತೆಗೆದ ಗುಂಡಿ ಎಂಬುದನ್ನು ಹಾಜರಿ ಪುಸ್ತಕದ ಹಳೆಯ ರಟ್ಟಿನ ಮೇಲೆ ಬರೆದುಕೊಂಡೆ. ಗುಂಡಿಗಳು ಮೋಸದವು, ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ತಲೆ ಮುಳುಗುತ್ತದೆ. ಗಳುವಿಲ್ಲದೆ ಯಾರೂ ಇಳಿಯಬಾರದು. ಆ ನಡಿಗೆಯಲ್ಲಿ ಒಂದು ಜಾಗ ಸಿಕ್ಕಿತು. ಸುಮಾರು ಮೂವತ್ತು ಹೆಜ್ಜೆ ಉದ್ದದ ಗರಸಿನ ಹಾಸು, ಅದರ ಕೊನೆಯಲ್ಲಿ ನೆಲ ಎರಡು ಅಡಿ ಇಳಿದು ಮಡುವಾಗುತ್ತದೆ. ಮೇಲಿನಿಂದ ಉರುಳಿ ಬರುವ ಕಾಳು, ಹುಳು ಎಲ್ಲ ಆ ಇಳಿಜಾರಿನಲ್ಲಿ ತಂಗುತ್ತದೆ. ಜಾಗ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಕೂಡಲಿಗೂ ಹೊನ್ನಾಳಿಗೂ ನಡುವೆ ಇದೆ ಎಂಬಷ್ಟು ಸಾಕು, ಹುಡುಕುವವರಿಗೆ ಅಂಥವು ಹತ್ತು ಸಿಗುತ್ತವೆ.

2024ರಲ್ಲಿ ಮಳೆ ಸರಿಯಾಗಿ ಬಂತು, ನವೆಂಬರಿನ ಎರಡನೆಯ ವಾರಕ್ಕೆ ಗರಸಿನ ಮೇಲೆ ನಾಲ್ಕರಿಂದ ಐದು ಅಡಿ ತಿಳಿ ನೀರು ಹರಿಯುತ್ತಿತ್ತು. ತುಂಗೆಯ ಗಾಜನೂರು ಅಣೆಕಟ್ಟಿನಲ್ಲಿ ನೀರು ಬಿಟ್ಟ ಮಾರನೆಯ ದಿನ ನಮ್ಮಲ್ಲಿ ಒಂದು ಗೇಣು ಏರುತ್ತದೆ, ಅಂಥ ದಿನ ಹೋಗುವುದೇ ಬೇಡ. ಅಕ್ವೇರಿಯಂ ಅಂಗಡಿಯ 120 ರೂಪಾಯಿಯ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದೆ. ನೆನಪಿನ ಪ್ರಕಾರ ನೀರಿನ ಬಿಸಿ ಬೆಳಗಿನ ಹೊತ್ತು 22, 23 ಡಿಗ್ರಿ ಇರುತ್ತಿತ್ತು, ದಂಡೆಯ ಮೇಲೆ ಕೂತವನ ಹಲ್ಲು ಮಾತ್ರ ಕಟಕಟ ಅನ್ನುತ್ತಿತ್ತು. ಚಳಿ ನಮಗೆ, ಮೀನಿಗಲ್ಲ.

ಬೆಂಡಿನ ವಿಷಯದಲ್ಲಿ ನಾನು ಹವಾಯಿ ಚಪ್ಪಲಿಯ ತುಂಡು, ಥರ್ಮೋಕೋಲು, ಜೋಳದ ದಂಟು ಎಲ್ಲವನ್ನೂ ದಾಟಿ ಬಂದು ನವಿಲುಗರಿಯ ದಂಟಿನಲ್ಲಿ ನೆಲೆಸಿದ್ದೇನೆ. ತೋಟದ ಬದುವಿನಲ್ಲಿ ನವಿಲು ತಾನಾಗಿ ಉದುರಿಸಿದ ಗರಿಯ ಬುಡದ ಕಡೆಯಿಂದ ಒಂದು ಗೇಣಿಗಿಂತ ತುಸು ಕಡಿಮೆ ಕತ್ತರಿಸಿ, ಎಳೆಗಳನ್ನು ಹೆರೆದು, ತುದಿಯ ಅರ್ಧ ಇಂಚಿಗೆ ಮಗಳ ಕಿತ್ತಳೆ ಬಣ್ಣದ ನೇಲ್ ಪಾಲಿಶ್ ಬಳಿದರೆ ಆಯಿತು. ಇದನ್ನು ದಾರಕ್ಕೆ ಹಿಡಿಸಲು ಮೇಲೊಂದು ಕೆಳಗೊಂದು ಸೈಕಲ್ ವಾಲ್ ಟ್ಯೂಬಿನ ತುಂಡು ಸಾಕು, ಹತ್ತು ರೂಪಾಯಿಯ ಟ್ಯೂಬು ಎರಡು ವರ್ಷ ಬರುತ್ತದೆ. ಇಂಥ ದಂಟು ಸುಮಾರು ಎರಡು ಗ್ರಾಂ ಸೀಸ ಹೊರುತ್ತದೆ. ಸಣ್ಣ ಸೀಸದ ಗುಂಡು ನಮ್ಮ ಕಡೆ ಸಿಗದ ಕಾರಣ ರೇಡಿಯೋ ರಿಪೇರಿಯವರ ಬೆಸುಗೆ ತಂತಿಯನ್ನು ತುಂಡು ಮಾಡಿ ದಾರಕ್ಕೆ ಸುತ್ತಿದೆ. ಒಂದೇ ಕಡೆ ಸುತ್ತದೆ, ಬೆಂಡಿನಿಂದ ಗಾಳದವರೆಗೆ ಅಂಗಿಯ ಗುಂಡಿಗಳಂತೆ ಹಂಚಿ, ಕೆಳಗೆ ಹೋದಂತೆ ಸಣ್ಣದು ಮಾಡಬೇಕು.

ಮುಖ್ಯವಾದ ಕೆಲಸ ಇರುವುದು ಬೆಂಡು ಬಿಡುವುದರಲ್ಲಲ್ಲ, ತಡೆಯುವುದರಲ್ಲಿ. ಹೊಳೆಯ ಮೇಲಿನ ನೀರು ಓಡುವಷ್ಟು ವೇಗವಾಗಿ ನೆಲದ ನೀರು ಓಡುವುದಿಲ್ಲ. ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಅದು ಮುಂದೆ ಓಡಿ, ಎರೆಯನ್ನು ಹಗ್ಗ ಕಟ್ಟಿದ ಕರುವಿನಂತೆ ಹಿಂದಿನಿಂದ ಎಳೆದೊಯ್ಯುತ್ತದೆ, ತಿಳಿ ನೀರಿನಲ್ಲಿ ಪಕ್ಕೆಯ ಕಣ್ಣಿಗೆ ಅದು ತಕ್ಷಣ ಅನುಮಾನ ಹುಟ್ಟಿಸುತ್ತದೆ. ಆದ್ದರಿಂದ ಕೋಲನ್ನು ಎತ್ತಿ ಹಿಡಿದು, ದಾರ ನೀರಿನ ಮೇಲೆ ಮಲಗದಂತೆ ನೋಡಿಕೊಂಡು, ರೀಲಿನ ಅಂಚಿಗೆ ಬೆರಳು ಒತ್ತಿ ದಾರವನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಆಗ ಎರೆ ಮುಂದೆ, ಬೆಂಡು ಹಿಂದೆ ಆಗುತ್ತದೆ. ನನ್ನ ಅಂದಾಜಿನಲ್ಲಿ ಮೇಲೆ ತೇಲುವ ಎಲೆ ಎರಡು ಮಾರು ಸಾಗುವ ಹೊತ್ತಿಗೆ ಬೆಂಡು ಒಂದು ಮಾರು ಸಾಗಿದರೆ ಸರಿ. ಗರಸಿನ ಕೊನೆಯ ಇಳಿಜಾರಿಗೆ ಬಂದಾಗ ಪೂರ್ತಿ ನಿಲ್ಲಿಸಿ ಮೂರು ಎಣಿಸಿದರೆ, ಎರೆ ನೆಲದಿಂದ ಒಂದು ಗೇಣು ಮೇಲೇಳುತ್ತದೆ. ನನ್ನ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿದ್ದದ್ದು ಈ ಮೂರು ಎಣಿಕೆಯೊಳಗೆ. ಬೆಂಡು ಮುಳುಗುವುದೇ ಇಲ್ಲ ಅನ್ನಬಹುದು. ಕಿತ್ತಳೆ ತುದಿ ಒಂದು ಅಕ್ಕಿಕಾಳಿನಷ್ಟು ಇಳಿದು ಅಲ್ಲೇ ನಿಲ್ಲುತ್ತದೆ. ಪೂರ್ತಿ ಮುಳುಗಲೆಂದು ಕಾದು ಕೂತವನು ಬರಿ ಗಾಳ ಎತ್ತುತ್ತಾನೆ.

ಎರೆ ಗೋಧಿ. ಅಂಗಡಿಯ ಇಡೀ ಗೋಧಿ ಒಂದು ಹಿಡಿ, ಕುದಿಯುವ ನೀರು, ಚಹಾದ ಫ್ಲಾಸ್ಕು, ಒಂದು ರಾತ್ರಿ. ಬೆಳಿಗ್ಗೆ ಕಾಳು ಹೊಟ್ಟೆ ಬಿರಿದು ಬಿಳಿ ತಿರುಳು ಇಣುಕುತ್ತಿರುತ್ತದೆ. 16ನೆಯ ನಂಬರಿನ ಗಾಳಕ್ಕೆ ಒಂದೇ ಕಾಳು ಸಾಕು. ಜಿಲೇಬಿ ಇದನ್ನು ಅಷ್ಟಾಗಿ ಮೂಸುವುದಿಲ್ಲ, ಅದೇ ದೊಡ್ಡ ಲಾಭ. ಮೇವೆಂದು ಪ್ರತಿ ಸಲ ಬೆಂಡು ಬಿಡುವ ಮೊದಲು ಹತ್ತು ಹನ್ನೆರಡು ಕಾಳು ಎರಚುತ್ತೇನೆ, ಹಿಂಡಿಯನ್ನು ಪೂರ್ತಿ ಬಿಟ್ಟಿದ್ದೇನೆ. ಒಂದು ಬೆಳಗಿನ ಖರ್ಚು ಆರೇಳು ರೂಪಾಯಿಗೆ ಇಳಿಯಿತು. ಬೇಯುವಾಗ ಫ್ಲಾಸ್ಕಿಗೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಕಿರಾಣಿ ಅಂಗಡಿಯದ್ದೇ. ಅದನ್ನು ಹೇಳುವುದಿಲ್ಲ. ಇಂಗು ಎಂದು ಊಹಿಸಿದವರಿಗೆ ಉತ್ತರ, ಇಂಗು ಅಲ್ಲ. ಇಂಗಿನ ಪ್ರಯೋಗ ಮಾಡಿ ಮೂರು ವಾರ ಮನೆಯ ಫ್ಲಾಸ್ಕನ್ನು ಹಾಳು ಮಾಡಿದ್ದಷ್ಟೇ ಬಂತು. ಬೇಯಿಸಿದ ಹುರುಳಿಯಿಂದ ಒಂದು ದಿನ ಐದು ಮೀನು ಸಿಕ್ಕವು, ಆದರೆ ಕಾಳಿನ ಸಿಪ್ಪೆ ಬೇಗ ಕಳಚುತ್ತದೆ. ಮಂಡಕ್ಕಿ ದಾವಣಗೆರೆ ಜಿಲ್ಲೆಯ ಮನುಷ್ಯರಿಗೆ ಮಾತ್ರ ರುಚಿ. ಹೊಳೆಯಲ್ಲಿ ಅದು ತೇಲಿಹೋಗಿ ಮೇಲ್ನೀರಿನ ಬೆರಳುದ್ದದ ಮರಿಗಳನ್ನಷ್ಟೇ ಕರೆಯಿತು.

ಇಷ್ಟೆಲ್ಲ ಮಾಡಿದರೂ ನವೆಂಬರ್ 10 ಮತ್ತು 17ರಂದು ಮೊದಲ ಅರ್ಧ ಗಂಟೆ ನಾಲ್ಕೈದು ಮೀನು ಬಂದು, ಆಮೇಲೆ ಬಾಗಿಲು ಹಾಕಿದಂತೆ ನಿಂತುಹೋಯಿತು. ನಾನು ಕೂರುವುದು ಮೂಡಲ ದಂಡೆಯಲ್ಲಿ. ಮಂಜು ಹರಿದು ಬಿಸಿಲು ಬಿದ್ದ ಕ್ಷಣದಿಂದ ನನ್ನ ನೆರಳು, ನೆರಳಿಗಿಂತ ಉದ್ದವಾದ ಕೋಲಿನ ನೆರಳು, ಎರಡೂ ಗರಸಿನ ಮೇಲೆ ಗಡಿಯಾರದ ಮುಳ್ಳಿನಂತೆ ಆಡುತ್ತಿದ್ದವು. ಇದನ್ನು ಕಂಡದ್ದು 17ರಂದು, ಚಹಾ ಕುಡಿಯಲು ಎದ್ದು ನಿಂತಾಗ, ನನ್ನ ತಲೆಯ ನೆರಳು ಬಿದ್ದ ಕಡೆಯಿಂದ ಹತ್ತಾರು ಬೆಳ್ಳಿ ಮೈಗಳು ಒಟ್ಟಿಗೆ ತಿರುಗಿ ಮಡುವಿಗೆ ಇಳಿದವು. "ನಿಮ್ ಕೈಯಾಗಿಂದು ತಿನ್ನಲ್ಲ" ಎಂದ ಬೆಸ್ತರ ಮಾತು ಆಗ ನೆನಪಾಯಿತು. ಮಳೆಗಾಲದ ಕೆಂಪು ನೀರಿನಲ್ಲಿ ಅವು ನಮ್ಮನ್ನು ಕಾಣುವುದಿಲ್ಲ, ದೀಪಾವಳಿಯ ನಂತರ ಕಾಣುತ್ತವೆ, ಅಷ್ಟೇ ವ್ಯತ್ಯಾಸ. ಮುಂದಿನ ಭಾನುವಾರ ಮಾಸಲು ಹಸಿರು ಅಂಗಿ ಹಾಕಿಕೊಂಡು, ಲಕ್ಕಿ ಗಿಡದ ಹಿಂದೆ, ಮಣೆಯ ಬದಲು ಗೋಣಿಚೀಲದ ಮೇಲೆ ನೆಲಕ್ಕೆ ಹತ್ತಿ ಕೂತೆ. ಎಸೆಯುವಾಗ ಕೋಲನ್ನು ತಲೆಯ ಮೇಲಿನಿಂದ ಬೀಸದೆ ಪಕ್ಕದಿಂದ ಬೀಸಿದೆ. ಆ 19 ಮೀನು ಬಂದದ್ದು ಹೀಗೆ.

ಡಿಸೆಂಬರ್ 1ರಂದು ಫೆಂಗಲ್ ಚಂಡಮಾರುತದ ಮೋಡ ನಮ್ಮ ಕಡೆಗೂ ಕವಿದು ಬಿಸಿಲೇ ಬೀಳಲಿಲ್ಲ. ನೆರಳಿಲ್ಲದ ಆ ದಿನ ಹನ್ನೊಂದರವರೆಗೂ ಮೀನು ಬಿಡದೆ ಕಚ್ಚಿದವು, ಎಣಿಕೆ ತಪ್ಪಿತು, ಮೂವತ್ತರ ಮೇಲೆ ಇರಬಹುದು. ಅಂಗೈಗಿಂತ ಸಣ್ಣವನ್ನೆಲ್ಲ ಹಿಂದಕ್ಕೆ ಬಿಟ್ಟೆ. ಸೋಮವಾರ ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ, ಅದಕ್ಕೆ ಭಾನುವಾರ ರಾತ್ರಿಯೊಳಗೆ ಅಕ್ಕಪಕ್ಕದ ನಾಲ್ಕು ಮನೆಗೆ ಹಂಚಬೇಕಾಯಿತು. ಹಂಚಿಸಿಕೊಂಡವರಲ್ಲಿ ಇಬ್ಬರು, ಇದು ಬಲೆಯ ಮೀನೇ ಇರಬೇಕೆಂದು ಇವತ್ತಿಗೂ ಹೇಳುತ್ತಾರೆ.

ಒಂದು ತೊಡಕು ಇನ್ನೂ ಬಿಡಿಸಿಲ್ಲ. ಇಳಿಜಾರಿನಲ್ಲಿ ಮೂರು ಎಣಿಸುವಾಗ, ಪಕ್ಕೆಯ ಅಕ್ಕಿಕಾಳಿನ ಇಳಿತವಲ್ಲದೆ ಬೇರೆ ಬಗೆಯದೊಂದು ಬರುತ್ತದೆ. ಬೆಂಡು ಅವಸರವಿಲ್ಲದೆ, ಮೇಲ್ದಂಡೆಯ ಕಡೆಗೆ, ಸೆಳವಿಗೆ ಎದುರಾಗಿ ನಡೆದುಹೋಗುತ್ತದೆ. ಎತ್ತಿದರೆ ಕೋಲು ಬುಡದವರೆಗೆ ಬಾಗಿ, ರೀಲು ಒಂದೆರಡು ಸುತ್ತು ಕಿರುಗುಟ್ಟಿ, ದಾರ ತುಂಡಾಗುತ್ತದೆ. ಹೀಗೆ ಮೂರು ಸಲ ಆಗಿದೆ. ಗಾಳದ ಹತ್ತಿರ ನಾನು ಕಟ್ಟುವುದು 0.14ರ ದಾರ, ದಪ್ಪದ್ದು ಕಟ್ಟಿದರೆ ಪಕ್ಕೆ ಬರುವುದಿಲ್ಲ, ತೆಳುವಿಗೆ ಅದು ನಿಲ್ಲುವುದಿಲ್ಲ. ಮೋಸದ ಆ 0.22ರ ದಾರದ ಸುರುಳಿ ಇನ್ನೂ ಅಟ್ಟದ ಮೇಲೆ ಬಿದ್ದಿದೆ, ಬರುವ ಕಾರ್ತಿಕಕ್ಕೆ ಅದನ್ನೇ ಎರಡನೆಯ ಕೋಲಿಗೆ ಸುತ್ತಿ ನೋಡಬೇಕೆಂದಿದ್ದೇನೆ.