ದಿನದ ಕೊನೆಗೆ ಒಂದು ಸಾಲು

ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಲಕ್ವ ಹೊಡೆದವರು, ಮಂಡಿ ಆಪರೇಷನ್ ಆದವರು, ಅಡಿಕೆ ಮರದಿಂದ ಬಿದ್ದವರು ಜಾಸ್ತಿ. ಇಲ್ಲಿ ಫಲ ನಿಧಾನ. ಮಂಡಿ ಹತ್ತು ಡಿಗ್ರಿ ಹೆಚ್ಚು ಮಡಚಲು ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಸಂಜೆ ಮನೆಗೆ ಬರುವಾಗ, ಇವತ್ತು ಏನೂ ಆಗಲಿಲ್ಲವಲ್ಲ ಅನ್ನಿಸಿಬಿಡುತ್ತದೆ.

ಅದಕ್ಕೇ ರೋಗಿಗಳ ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ, ಆ ದಿನ ಯಾರಿಗೆ ಋಣಿ ಅಂತ ರಾತ್ರಿ ಒಂದು ಸಾಲು ಬರೆಯತೊಡಗಿದೆ. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ಅಷ್ಟೇ ನಿಯಮ. 'ಆರೋಗ್ಯ ಕೊಟ್ಟ ದೇವರಿಗೆ ನಮಸ್ಕಾರ' ಅನ್ನುವುದು ನಿಜವೇ. ಆದರೆ ದಿನಾ ಅದನ್ನೇ ಬರೆದರೆ ಕೈ ಬರೆಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದರಲ್ಲಿ ಜನರಿಂದ ವಾರಕ್ಕೊಮ್ಮೆ ಬರೆಸಿದ್ದರು. ಕಿರಿಕಿರಿಗಳನ್ನು ಬರೆದವರಿಗಿಂತ, ಕೃತಜ್ಞತೆ ಬರೆದವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ನನಗೆ ವಾರದ ಹೊತ್ತಿಗೆ ಸಣ್ಣ ಸಂಗತಿಗಳು ಮರೆತೇಹೋಗುತ್ತವೆ, ಹಾಗಾಗಿ ದಿನವೂ ಬರೆಯುತ್ತೇನೆ.

ತಿರುವಿ ನೋಡಿದರೆ ಬಹಳ ಸಾಲುಗಳು ಪ್ರಾಣಿಗಳವೇ.

ಒಬ್ಬ ಅಜ್ಜನಿಗೆ ಲಕ್ವದಿಂದ ಬಲಗೈ ಮುಷ್ಟಿ ಕಟ್ಟಿಹೋಗಿತ್ತು. ವ್ಯಾಯಾಮ ಅಂದರೆ "ಸಾಕು ಬಿಡು ತಂಗಿ" ಅಂತ ಮುಖ ತಿರುಗಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಗೌರಿ ಇದ್ದಳು, ಮಲೆನಾಡು ಗಿಡ್ಡ ತಳಿಯ ಹಸು. ಈ ತಳಿ ಮೂರಡಿ ಆಸುಪಾಸು ಎತ್ತರ, ಕುರ್ಚಿಯಲ್ಲಿ ಕೂತವರಿಗೂ ಕೊರಳು ಕೈಗೆ ಸಿಗುತ್ತದೆ. ಅಜ್ಜನ ಕುರ್ಚಿಯನ್ನೇ ಕೊಟ್ಟಿಗೆ ಬಾಗಿಲಿಗೆ ಒಯ್ದೆವು. ಬಿಗಿದ ಬೆರಳನ್ನು ಜಗ್ಗಿ ಬಿಡಿಸಬಾರದು, ಜಗ್ಗಿದಷ್ಟೂ ಬಿಗಿಯುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿದರೆ ಬೆರಳು ಸಡಿಲವಾಗುತ್ತದೆ. ಹಾಗೆ ಮಾಡಿ, ಮೊಣಕೈಗೆ ಆಸರೆ ಕೊಟ್ಟು, ಅಂಗೈಯನ್ನು ಗೌರಿಯ ಗಂಗೆದೊಗಲಿನ ಮೇಲಿಟ್ಟೆ. ಅವಳು ಕತ್ತು ಚಾಚಿ ನಿಂತಳು. ಅಲ್ಲಿ ಉಜ್ಜಿದರೆ ಎಷ್ಟು ಹಿತ ಅಂತ ದನ ಸಾಕಿದವರಿಗೆ ಗೊತ್ತು, ಅಲ್ವಾ? ಅಜ್ಜ ನಿಲ್ಲಿಸಿದರೆ ಮೂತಿಯಿಂದ ತಿವಿಯುತ್ತಿದ್ದಳು. ಅಜ್ಜ ಮತ್ತೆ ಉಜ್ಜುತ್ತಿದ್ದರು. ತನಗೆ ಬೇಕಾದ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಮಿದುಳು ಚೆನ್ನಾಗಿ ಕಲಿಯುತ್ತದೆ. ನಾನು ಹೇಳಿ ಮಾಡಿಸಲಾಗದ್ದನ್ನು ಗೌರಿ ಮಾಡಿಸಿದಳು. ಹೆಬ್ಬೆರಳು ನನ್ನ ಸಹಾಯವಿಲ್ಲದೆ ಹೊರಗೆ ಬಂದ ದಿನದ ಸಾಲು ಹೀಗಿದೆ: 'ಗೌರಿ ತಿವಿದಳು, ಹೆಬ್ಬೆರಳು ಬಿಚ್ಚಿತು.' ಆ ದೀಪಾವಳಿಯ ಗೋಪೂಜೆಯಲ್ಲಿ ಅವಳಿಗೆ ಹಾಕುವ ಚೆಂಡುಹೂವಿನ ಹಾರವನ್ನು ಅಜ್ಜ ಎರಡೂ ಕೈಯಲ್ಲಿ ಹಿಡಿದಿದ್ದರು.

ಈಗ ಹೊಸ ಮನೆಗೆ ಹೋದರೆ ನೋವು ಎಲ್ಲಿ ಅಂತ ಕೇಳುವಾಗಲೇ ಮನೆಯಲ್ಲಿ ದನ, ನಾಯಿ, ಬೆಕ್ಕು ಇವೆಯಾ ಅಂತಲೂ ಕೇಳುತ್ತೇನೆ. ಹಸಿ ಗಾಯ, ಹೊಲಿಗೆ ಇದ್ದರೆ ಮಾತ್ರ ಪ್ರಾಣಿಯನ್ನು ಹತ್ತಿರ ಬಿಡುವುದಿಲ್ಲ.

ನಮ್ಮ ಮನೆಯ ಮುದಿ ನಾಯಿ ಚಿನ್ನಿಗೂ ಕೀಲುನೋವು. ಬೆಚ್ಚಗಿನ ಬಟ್ಟೆಯಿಟ್ಟು ತೊಡೆ ನೀವುತ್ತೇನೆ. ಸಾಕು ಅನ್ನಿಸಿದರೆ ಎದ್ದು ಹೋಗುತ್ತಾಳೆ, ನಾನೂ ಬಿಡುತ್ತೇನೆ. ಮಾತ್ರೆ ಮಾತ್ರ ಪಶುವೈದ್ಯರು ಹೇಳಿದ್ದೇ. ನಮ್ಮ ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಹಾಳುಮಾಡಬಹುದು. ಪ್ಯಾರಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯಬಹುದು.

ಏನೂ ಸುಧಾರಿಸದ ದಿನಗಳಲ್ಲಿ ಬರೆಯುವುದು ಕಷ್ಟ. ಹಾಸಿಗೆ ಹಿಡಿದ ಒಬ್ಬ ಅಮ್ಮನ ಮನೆಯಿಂದ ಬಂದ ರಾತ್ರಿ ಪೆನ್ನು ಹಿಡಿದು ಸುಮ್ನೆ ಕೂತಿದ್ದೆ. ಆಮೇಲೆ ಅವರ ಬೆನ್ನು ನೆನಪಾಯಿತು. ಅಷ್ಟು ತಿಂಗಳು ಮಲಗಿದ್ದರೂ ಒಂದು ಹುಣ್ಣಿಲ್ಲ. ಸೊಸೆ ರಾತ್ರಿಯೂ ಎದ್ದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು. ಅದನ್ನು ಬರೆದೆ. ಮರುದಿನ ಆ ಸೊಸೆಗೇ ಓದಿ ಹೇಳಿದೆ. "ಇದನ್ನೆಲ್ಲ ಯಾರು ನೋಡ್ತಾರೆ ಅಂದುಕೊಂಡಿದ್ದೆ" ಅಂದರು. ಅಂದಿನಿಂದ, ಬರೆದದ್ದು ಮನುಷ್ಯರ ಬಗ್ಗೆಯಾದರೆ ಅವರಿಗೆ ಹೇಳಿಯೇಬಿಡುತ್ತೇನೆ, ಫೋನಿನಲ್ಲಾದರೂ ಸರಿ.