ಎಸಿ ಡಕ್ಟ್ ಪಕ್ಕದಲ್ಲಿ ಸೀಲಿಂಗ್ ಸ್ಪೀಕರ್: ಅದುರದ ಹಾಗೆ ಕೂರಿಸಿದ್ದು

ಸ್ಪೀಕರಿನ ಕೋನ್ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಹಿಂದೆ ಎಸಿಯ ಗಾಳಿ ಹಾಯುವ ಡಕ್ಟಿನ ತೆಳು ತಗಡಿದ್ದರೆ ಅದೂ ಜೊತೆಗೆ ಅದುರುತ್ತದೆ. ನಮ್ಮ ಹಾಲಿನ ಫಾಲ್ಸ್ ಸೀಲಿಂಗಿನಲ್ಲಿ ನನಗೆ ಬೇಕಾದ ಜಾಗದ ಪಕ್ಕದಲ್ಲೇ ಡಕ್ಟ್ ಹಾದಿತ್ತು. ಹಾಗಾಗಿ ಸ್ಪೀಕರ್ ಆರಿಸಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಸಮಯ ಅದರ ಬೆನ್ನಿನ ಕೆಲಸಕ್ಕೇ ಹೋಯಿತು.

ಮೊದಲು ಸಣ್ಣ ತೂತು ಕೊರೆದು, ಬಗ್ಗಿಸಿದ ತಂತಿಯನ್ನು ಒಳಗೆ ತೂರಿಸಿ ಸುತ್ತಲೂ ತಿರುಗಿಸಿದೆ. ಡಕ್ಟಾಗಲಿ, ಸೀಲಿಂಗ್ ಹೊತ್ತ ಲೋಹದ ಚಾನೆಲ್ ಆಗಲಿ ತಾಗದೆಂದು ಖಾತ್ರಿಯಾದ ಮೇಲೆಯೇ ಟೆಂಪ್ಲೇಟ್ ಇಟ್ಟು ಕತ್ತರಿಸಿದ್ದು.

ಹಿಂದಿನ ಗಾಳಿಯನ್ನು ಅಲ್ಲೇ ಹಿಡಿದಿಡಲು ಸ್ಪೀಕರಿನ ಬೆನ್ನನ್ನು ಮುಚ್ಚುವ ಬ್ಯಾಕ್ ಬಾಕ್ಸ್ ಹಾಕಿದೆ. ಅದರ ಒಳಗಾತ್ರ ಸ್ಪೀಕರ್ ತಯಾರಕರು ಹೇಳಿದಷ್ಟೇ ಇರಬೇಕು. ಚಿಕ್ಕದಾದರೆ ಕೆಳಗಿನ ಬಾಸ್ ಸೊರಗುತ್ತದೆ. ಬಾಕ್ಸಿನ ಭಾರವನ್ನು ಜಿಪ್ಸಂ ಬೋರ್ಡಿಗೆ ಬಿಡದೆ ಮೇಲಿನ ಸ್ಲ್ಯಾಬಿನಿಂದ ರಬ್ಬರ್ ವಾಷರ್ ಹಾಕಿ ತೂಗಿಸಿದೆ. ಡಕ್ಟಿಗೂ ಬಾಕ್ಸಿಗೂ ಎರಡು ಬೆರಳು ಸಂದು. ಈ ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ: ತಾಗಿದರೆ ಅದುರು ತಗಡಿನುದ್ದಕ್ಕೂ ಓಡಿ ಪಕ್ಕದ ಕೋಣೆಯಲ್ಲೂ ಕೇಳಿಸುತ್ತದೆ. ಸೀಲಿಂಗಿನ ಒಳಜಾಗವೇ ಎಸಿಗೆ ವಾಪಸಾಗುವ ಗಾಳಿಯ ದಾರಿಯಾಗಿದ್ದರೆ ಮಾತ್ರ ಮರದ ಬಾಕ್ಸ್ ಬಿಟ್ಟು, ಲೋಹದ ಬ್ಯಾಕ್ ಕ್ಯಾನ್ ಮತ್ತು ಅಂಥ ಜಾಗಕ್ಕೆಂದೇ ಮಾಡಿದ ವೈರ್ ಬಳಸಬೇಕು.

ಸ್ಪೀಕರಿನ ಅಂಚಿಗೆ ಫೋಮ್ ಟೇಪ್ ಸುತ್ತಿದೆ. ಕ್ಲ್ಯಾಂಪ್ ಸ್ಕ್ರೂಗಳನ್ನು ಕೈಯಿಂದಲೇ ಬಿಗಿ ಮಾಡಿದೆ. ಡ್ರಿಲ್ ಹಿಡಿದರೆ ಜಿಪ್ಸಂ ಪುಡಿಯಾಗುತ್ತದೆ.

ಆಮೇಲೆ ಫೋನಿನ ಟೋನ್ ಜನರೇಟರಿನಿಂದ (ಬೇಕಾದ ಒಂದೇ ಸ್ವರ ನುಡಿಸುವ ಆ್ಯಪ್) 30ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸುತ್ತ ಕೇಳಿದೆ. ಹಾಡು ಹಾಕಿ ಪರೀಕ್ಷಿಸಿದರೆ ಸಾಲದು, ಸ್ವರ ಒಂದು ಕಡೆ ನಿಲ್ಲುವುದಿಲ್ಲ. 100 ಹರ್ಟ್ಜ್ ಆಸುಪಾಸಿನಲ್ಲಿ ಝರ್ರೆಂದಿತು. ಏಣಿ ಹತ್ತಿ ಒಂದೊಂದನ್ನೇ ಕೈಯಿಂದ ಒತ್ತಿದೆ. ಎಸಿ ಗ್ರಿಲ್ ಒತ್ತಿದಾಗ ಅರ್ಧ ಸದ್ದು ನಿಂತಿತು, ಡಕ್ಟಿನ ಅಗಲ ಮೈಯ ನಡುವೆ ಒತ್ತಿದಾಗ ಉಳಿದರ್ಧ. ಗ್ರಿಲ್ಲಿಗೂ ಫೋಮ್ ಟೇಪ್ ಕೊಟ್ಟೆ. ಡಕ್ಟಿನ ಇನ್ಸುಲೇಶನ್ ಅಷ್ಟು ಜಾಗದಲ್ಲಿ ಬಿಡಿಸಿ, ತಗಡಿಗೆ ಅದುರು ತಗ್ಗಿಸುವ ರಬ್ಬರಿನಂಥ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ, ಮತ್ತೆ ಇನ್ಸುಲೇಶನ್ ಮುಚ್ಚಿ ಫಾಯಿಲ್ ಟೇಪಿನಿಂದ ಗಾಳಿಯಾಡದಂತೆ ಭದ್ರಮಾಡಿದೆ. ಸಂದು ಉಳಿದರೆ ತಣ್ಣನೆಯ ತಗಡು ಬೆವರಿ ಸೀಲಿಂಗಿನ ಮೇಲೆ ನೀರು ತೊಟ್ಟಿಕ್ಕುತ್ತದೆ.

ಸ್ಪೀಕರುಗಳಿಗೆ ಸದ್ದು ಕಳಿಸುವ ರಿಸೀವರಿನಲ್ಲಿ ಕ್ರಾಸ್‌ಓವರ್ (ಸ್ವರಗಳನ್ನು ಹಂಚುವ ಗಡಿ) 80 ಹರ್ಟ್ಜ್‌ಗೆ ಇಟ್ಟು, ಅದರ ಕೆಳಗಿನದನ್ನು ಬಾಸಿಗೆಂದೇ ಇರುವ ಸಬ್‌ವೂಫರಿಗೆ ಕಳಿಸಿದೆ. ಇದರಿಂದ ಡಕ್ಟಿನ ಮೇಲಿನ ಹೊಡೆತ ಇನ್ನೂ ಇಳಿಯಿತು. ಕೊನೆಗೆ ಎಸಿ ಓಡುವಾಗ ಒಮ್ಮೆ, ನಿಂತಾಗ ಒಮ್ಮೆ ಅದೇ ಟೋನ್ ಹಾಯಿಸಿದೆ. ಓಡುವಾಗ ಫ್ಯಾನಿನ ಸದ್ದಿನಡಿ ಮುಚ್ಚಿಹೋಗುವ ಸಣ್ಣ ಅದುರು ನಿಂತಾಗಲೇ ಕಿವಿಗೆ ಬೀಳುವುದು.