ಕಟ್ಟಿದ ಕಫಕ್ಕೆ ಆಡುಸೋಗೆ ಕಷಾಯ: ಹದ ತಪ್ಪದಂತೆ ಕಾಯಿಸುವುದು ಹೇಗೆ?

ಎದೆಯಲ್ಲಿ ಕಫ ಕಟ್ಟಿಕೊಂಡು ಎಷ್ಟು ಕೆಮ್ಮಿದರೂ ಹೊರಬಾರದಿದ್ದಾಗ ನೆನಪಾಗಬೇಕಾದ ಗಿಡ ಆಡುಸೋಗೆ. ಇದರ ಎಲೆಯಲ್ಲಿ ವಾಸಿಸಿನ್ ಎಂಬ ಅಂಶವಿದೆ. ಕಫ ಕರಗಿಸಲು ವೈದ್ಯರು ಬರೆದುಕೊಡುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಇದರ ಜಾಡು ಹಿಡಿದೇ.

ದೊಡ್ಡವರೊಬ್ಬರಿಗೆ ಒಂದು ದಿನಕ್ಕೆ ಬೇಕಾದದ್ದು: ಬಲಿತ, ಹಳದಿಗೆ ತಿರುಗದ ಆಡುಸೋಗೆ ಎಲೆ 4, ಕಾಳುಮೆಣಸು 4, ಅರ್ಧ ಇಂಚು ಹಸಿಶುಂಠಿ, ತುಳಸಿ ಎಲೆ 8–10, ನೀರು 400 ಮಿ.ಲೀ. ಗಿಡದ ಗುರುತು ಖಚಿತವಿಲ್ಲದಿದ್ದರೆ ಎಲೆ ಕೀಳಲೇಬೇಡಿ.

ಮೊದಲು ಸ್ಟೀಲ್ ಪಾತ್ರೆಗೆ 100 ಮಿ.ಲೀ. ನೀರು ಹಾಕಿ, ತೊಳೆದ ಕಡ್ಡಿಯೊಂದನ್ನು ನೆಟ್ಟಗೆ ಅದ್ದಿ. ಒದ್ದೆಯಾದಷ್ಟಕ್ಕೆ ಗೀರು ಹಾಕಿಕೊಳ್ಳಿ. ಕಷಾಯ ಇಳಿಯಬೇಕಾದ ಮಟ್ಟ ಅದೇ, ಕಣ್ಣಂದಾಜನ್ನು ನಂಬಬೇಡಿ. ಈಗ ಉಳಿದ 300 ಮಿ.ಲೀ. ನೀರು, ಹರಿದ ಆಡುಸೋಗೆ ಎಲೆ, ಜಜ್ಜಿದ ಶುಂಠಿ, ಮೆಣಸು ಹಾಕಿ ಸಣ್ಣ ಉರಿಯಲ್ಲಿ, ಮುಚ್ಚಳವಿಲ್ಲದೆ ಕುದಿಸಿ. ಉರಿ ಜೋರಾದರೆ ನೀರು ಬೇಗ ಆವಿಯಾಗುತ್ತದೆ, ಎಲೆಯ ಸಾರ ಮಾತ್ರ ಪೂರ್ತಿ ಇಳಿದಿರುವುದಿಲ್ಲ.

ನೀರು ಗೀರಿಗೆ ಬಂದ ಕೂಡಲೇ ಒಲೆ ಆರಿಸಿ, ತುಳಸಿ ಹಾಕಿ 10 ನಿಮಿಷ ಮುಚ್ಚಿಡಿ. ಹೆಚ್ಚಿನವರು ಎಡವುವುದು ಇಲ್ಲೇ. ತುಳಸಿಯನ್ನು ಮೊದಲೇ ಹಾಕಿ ಕುದಿಸಿದರೆ ಅದರ ಎಣ್ಣೆಯಂಶ ಹಬೆಯ ಜೊತೆ ಹಾರಿಹೋಗುತ್ತದೆ. ಮನೆಯೆಲ್ಲ ಘಮಘಮ, ಲೋಟದಲ್ಲಿ ಏನೂ ಇಲ್ಲ!

ಸೋಸಿ, ಊಟವಾದ ಮೇಲೆ ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಕುಡಿಯಿರಿ. ಕಹಿ ತಡೆಯದಿದ್ದರೆ ಉಗುರುಬೆಚ್ಚಗಾದಾಗ ಒಂದು ಚಮಚ ಜೇನುತುಪ್ಪ ಬೆರೆಸಬಹುದು. ನಾಳೆಗೆ ಉಳಿಸಬೇಡಿ. ಮೂರು ದಿನ ಕುಡಿದು ನೋಡಿ, ಸಾಕು.

ಗರ್ಭಿಣಿಯರು ಇದನ್ನು ಮುಟ್ಟಬಾರದು, ಆಡುಸೋಗೆ ಗರ್ಭಕೋಶವನ್ನು ಸಂಕುಚಿಸಬಲ್ಲದು. ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ವರ್ಷ ತುಂಬದ ಕೂಸಿಗಂತೂ ಜೇನುತುಪ್ಪವನ್ನೂ ನೆಕ್ಕಿಸಕೂಡದು. ಆಸ್ತಮಾ ಇರುವವರು ಕಷಾಯ ನಂಬಿ ಇನ್‌ಹೇಲರ್ ಬಿಡಬೇಡಿ. ಉಬ್ಬಸ ಬಂದ ಹೊತ್ತಿನಲ್ಲಿ ಕಷಾಯ ಕಾಯಿಸುತ್ತ ನಿಲ್ಲುವಷ್ಟು ಸಮಯ ಇರುವುದಿಲ್ಲ. ಕಫದಲ್ಲಿ ರಕ್ತ ಕಂಡರೆ, ಉಸಿರಾಡುವುದೇ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೆಮ್ಮು ಎರಡು ವಾರ ದಾಟಿದರೆ ಕಫದ ಪರೀಕ್ಷೆ ಮಾಡಿಸಿ.